ಉಪ್ಪುನೀರೂ ದೋಣಿಯ ಹೊಗೆಕೊಳವೆಯೂ

ವರದಾ ನದಿಯ ಸಿಹಿನೀರಿನ ಸೀಮೆಯಲ್ಲಿರುವ ನಮ್ಮ ಕರ್ಜಗಿಯ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಸಮುದ್ರದ ದೋಣಿಯ ಯಂತ್ರವನ್ನು ಕುರಿತ ಲೇಖನವೇತಕ್ಕೆ ಎಂದು ಪಾಲಕರಲ್ಲಿ ಕೆಲವರು ಆಶ್ಚರ್ಯಪಡಬಹುದು. ಇಂಥ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವಳು ಶೀಲ, ಶಿಸ್ತು, ಪರೀಕ್ಷೆಯ ಫಲ ಇವುಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಬರೆಯುವದು ವಾಡಿಕೆ. ಆ ಮಾತುಗಳನ್ನು ನಾನು ಎಷ್ಟೋ ಸಾರೆ ಬರೆದಿದ್ದೇನೆ. ಓದಿದವರು ಎಷ್ಟು ಮಂದಿಯೋ ತಿಳಿಯದು. ಈ ಸಾರೆ ನಾನು ಕಲಿಸಿದ ಪಾಠವನ್ನು ಬಿಟ್ಟು, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನನಗೆ ಕಲಿಸಿದ ಪಾಠವನ್ನು ಬರೆಯಬೇಕೆಂದಿದ್ದೇನೆ. ನಮ್ಮಲ್ಲಿ ಓದಿದ ಹುಡುಗಿಯರು ಲಗ್ನವಾಗಿ ಕುಮಟೆ, ಹೊನ್ನಾವರ, ಕಾರವಾರ, ಮಲ್ಪೆಗಳ ಕಡೆಗೂ ಹೋಗಿರುವರು. ಅಲ್ಲಿ ಮನೆಯ ಅನ್ನವು ಹಲವರಿಗೆ ದೋಣಿಯ ಯಂತ್ರದಿಂದಲೇ ಬರುವದು. ಆ ಯಂತ್ರದ ಹೊಗೆಕೊಳವೆಯನ್ನು ಅಲಕ್ಷ್ಯ ಮಾಡಿದರೆ ಹಣದ ಹಾನಿಯಲ್ಲದೆ ಪ್ರಾಣದ ಭಯವೂ ಉಂಟು. ಆದಕಾರಣ ಈ ಮಾತು ಶಾಲೆಯ ಸಂಚಿಕೆಗೆ ಹೊರತಾದದ್ದಲ್ಲವೆಂದು ನನ್ನ ಎಣಿಕೆ.

ಕಳೆದ ಫೆಬ್ರುವರಿ ತಿಂಗಳಲ್ಲಿ ಒಂಬತ್ತನೆಯ ವರ್ಗದ ಹುಡುಗಿಯರನ್ನು ಕರೆದುಕೊಂಡು ಹಾವೇರಿ, ಹಾನಗಲ್ಲು, ಶಿರಸಿಗಳ ಮೇಲಿಂದ ದೇವಿಮನೆ ಘಟ್ಟವನ್ನಿಳಿದು ಕುಮಟೆಯ ಕಡೆಗೆ ಪ್ರವಾಸ ಹೋಗಿದ್ದೆವು. ಮರುದಿನ ಗೋಕರ್ಣದ ದಾರಿಯಲ್ಲಿರುವ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೋಡಿದೆವು. ಹೊಲದ ಮಡಿಗಳಂತೆ ಸಣ್ಣ ಸಣ್ಣ ಒಡ್ಡುಗಳನ್ನು ಕಟ್ಟಿ, ಉಬ್ಬರದ ನೀರನ್ನು ಒಳಕ್ಕೆ ಬಿಟ್ಟುಕೊಂಡು, ಬಿಸಿಲಿಗೆ ಅದನ್ನು ಆರಗೊಡುವರು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುವವು. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಆಗರದ ವಿದ್ಯೆಯೆಲ್ಲ ಇಷ್ಟೇ. ಈ ಉಪ್ಪಿಗಾಗಿಯೇ 1930ರಲ್ಲಿ ದಾಂಡಿಯವರೆಗೆ ಗಾಂಧೀಜಿಯವರ ಸಂಗಡ ನಡೆದವರಲ್ಲಿ ನಮ್ಮ ಜಿಲ್ಲೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವರೂ ಒಬ್ಬರೆಂಬದನ್ನು ಹುಡುಗಿಯರಿಗೆ ಅಲ್ಲಿಯೇ ನೆನಪು ಮಾಡಿಕೊಟ್ಟೆನು. ಆಗರದ ಸಂಗತಿಯನ್ನು ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಮುಂದೆ ಹೇಳುವ ಕೊಳವೆಯೊಳಗೆ ನಡೆಯುವದು ಇದೇ ಕೆಲಸ.

ಅಲ್ಲಿಂದ ಅಘನಾಶಿನಿ ನದಿಯು ಸಮುದ್ರವನ್ನು ಕೂಡುವ ತದಡಿಯ ಬಂದರಕ್ಕೆ ಬಂದೆವು. ಹದಿನೈದು ವರ್ಷಗಳ ಹಿಂದೆ ನಮ್ಮಲ್ಲಿ ಓದಿದವಳೊಬ್ಬಳು ಆ ಸೀಮೆಯಲ್ಲಿರುವಳು. ಅವಳ ಗಂಡನು ದೋಣಿ ಎಂಜಿನ್ನುಗಳ ಮಿಸ್ತ್ರಿ. ಶಾಲೆಯಲ್ಲಿ ಅವಳು ವಿಜ್ಞಾನದ ಪರೀಕ್ಷೆಯನ್ನು ಎರಡನೆಯ ಸಾರೆ ಕುಳಿತು ದಾಟಿದವಳು. ಅವಳ ವಿಷಯದಲ್ಲಿ ಆಗ ನಾನು ಹೇಳಿದ ಕೆಲವು ಮಾತುಗಳನ್ನು ಈಗ ಹಿಂದಕ್ಕೆ ತೆಗೆದುಕೊಳ್ಳಬೇಕಾಗಿದೆ. ಗಂಡನ ಕೆಲಸದ ಲೆಕ್ಕವನ್ನು ಬರೆಯುವವಳು ಅವಳೇ. ಯಾವ ದೋಣಿಯ ಯಾವ ಭಾಗವನ್ನು ಯಾವ ತಿಂಗಳಲ್ಲಿ ಬಿಚ್ಚಿದರು, ಅದು ಎಷ್ಟು ದಿನ ಬಾಳಿತು ಎಂಬದೆಲ್ಲ ಅವಳ ವಹಿಯಲ್ಲಿದೆ. ಅವರ ಕಾರ್ಖಾನೆಯೆಂದರೆ ತಗಡಿನ ಒಂದು ಚಪ್ಪರ. ಅಲ್ಲಿಯ ಮೇಜಿನ ಮೇಲೆ ಅವಳು ನಮಗೆ ತೋರಿಸಿದ್ದು ಗರಗಸದಿಂದ ಉದ್ದಕ್ಕೆ ಸೀಳಿದ ಬೀಡುಕಬ್ಬಿಣದ ಒಂದು ಬಾಗುಕೊಳವೆ. ಹೊರಗೆ ಬೆಳ್ಳಿಬಣ್ಣ ಬಳಿದು ಹೊಸದರಂತೆ ಕಾಣುತ್ತಿತ್ತು. ಒಳಗೆ ನೋಡಿದರೆ ಅರ್ಧದಾರಿ ಮಸಿ ಮತ್ತು ತುಕ್ಕಿನ ಹೆಪ್ಪಿನಿಂದ ಮುಚ್ಚಿಹೋಗಿತ್ತು. ಒಂದು ಕಡೆಯ ಗೋಡೆ ಕಾಗದದಷ್ಟು ತೆಳುವಾಗಿ, ಬೆಳಕಿಗೆ ಹಿಡಿದರೆ ಮೂರು ತೂತುಗಳು ಕಾಣುತ್ತಿದ್ದವು.

ನಮ್ಮ ಹುಡುಗಿಯರಲ್ಲಿ ಒಬ್ಬಳು, ಹೊಲಮನೆಯವಳು, ಕೂಡಲೆ ಕೇಳಿದಳು: "ಅಕ್ಕೋರೇ, ನಮ್ಮ ಹೊಲದಾಗಿನ ಎಂಜಿನ್ನಿನ ಸೈಲೆನ್ಸರ್ ನಮ್ಮಪ್ಪ ತಂದಾಗಿನಿಂದ ಹಂಗೇ ಐತಿ. ಇದು ಮೂರೇ ವರ್ಷಕ್ಕ ಹಿಂಗ್ಯಾಕ ಆತ್ರಿ?" ನನಗೆ ಉತ್ತರ ಹೊಳೆಯಲಿಲ್ಲ. ಉಪ್ಪಿನಿಂದ ತುಕ್ಕು ಬೇಗ ಹಿಡಿಯುವದೆಂದು ಪುಸ್ತಕದ ಮಾತನ್ನು ಹೇಳಿ ಸುಮ್ಮನಾದೆನು. ಉತ್ತರ ಕೊಟ್ಟವಳು ನನ್ನ ಹಳೆಯ ವಿದ್ಯಾರ್ಥಿನಿ.

ವರದೆಯ ದಂಡೆಯಲ್ಲಿ ನೀರೆತ್ತುವ ಡೀಸೆಲ್ ಎಂಜಿನ್ನನ್ನು ನಮ್ಮವರೆಲ್ಲರೂ ಬಲ್ಲರು. ಅದರ ಹೊಗೆಯು ಒಂದು ಒಣ ಕೊಳವೆಯಿಂದ ನೇರವಾಗಿ ಬಯಲಿಗೆ ಹೋಗುವದು. ಆ ಕೊಳವೆಗೆ ಮಳೆನೀರಿನ ಹೊರತು ಬೇರೆ ಶತ್ರುವಿಲ್ಲ. ಅದಕ್ಕಾಗಿ ನಮ್ಮ ರೈತರು ಬಾಯಿಗೊಂದು ಹಳೆಯ ಡಬ್ಬಿಯನ್ನು ಕವುಚಿ ಹಾಕುವರು. ಸಮುದ್ರದ ದೋಣಿಯಲ್ಲಿ ಎಂಜಿನ್ನು ಹಲಗೆಯ ಕೆಳಗಿನ ಇಕ್ಕಟ್ಟಾದ ಕೋಣೆಯಲ್ಲಿರುವದು. ಭಾರದ ಮೇಲೆ ಓಡುವಾಗ ಡೀಸೆಲ್ ಎಂಜಿನ್ನಿನ ಹೊಗೆಯ ಶಾಖವು 400 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೇರುವದು. ಅಷ್ಟು ಕಾದ ಕೊಳವೆಯನ್ನು ಮರದ ಗೋಡೆಗಳ ನಡುವೆ ಒಯ್ಯುವದು ಅಪಾಯ. ಆದುದರಿಂದ ಅನೇಕ ದೋಣಿಗಳಲ್ಲಿ, ಎಂಜಿನ್ನನ್ನು ತಣಿಸಿ ಬರುವ ಸಮುದ್ರದ ನೀರನ್ನೇ ಹೊಗೆಯೊಳಕ್ಕೆ ಬಿಡುವರು. ಹೊಗೆಯೂ ನೀರೂ ಕೂಡುವ ಬಾಗುಕೊಳವೆಯನ್ನು ಮಿಸ್ತ್ರಿಗಳು ಎಲ್ಬೋ ಎನ್ನುವರು. ಅಲ್ಲಿಂದ ಮುಂದೆ ಹೊಗೆಯು ಕೈಯಿಂದ ಮುಟ್ಟಬಹುದಾದಷ್ಟು ತಣಿದು, ನೀರಿನ ಸಂಗಡ ರಬ್ಬರ್ ಕೊಳವೆಯ ಮೂಲಕ ಹೊರಗೆ ಹೋಗುವದು. ಉಪಾಯವು ಒಳ್ಳೆಯದು. ಆದರೆ ಆ ಒಂದು ಗೇಣು ಕಬ್ಬಿಣದ ಮೇಲೆ ಎಷ್ಟು ಹೊರೆ ಬೀಳುವದೆಂಬದನ್ನು ಯೋಚಿಸಿರಿ. ಒಂದು ಮೈಯಲ್ಲಿ ಅಷ್ಟು ಬಿಸಿಯಾದ ಹೊಗೆ, ಇನ್ನೊಂದು ಮೈಯಲ್ಲಿ ತಣ್ಣನೆಯ ಉಪ್ಪುನೀರು, ನಡುವೆ ಬೆರಳಗಲಕ್ಕಿಂತ ಕಡಿಮೆ ಗೋಡೆ. ಮೊದಲು ಡೀಸೆಲ್ಲಿನಲ್ಲಿದ್ದ ಗಂಧಕವು ಸುಟ್ಟು, ನೀರು ಸೇರಿ, ಆಮ್ಲವಾಗಿ ಕೆಡಿಸುವದೆಂದು ಹಳೆಯ ಮಿಸ್ತ್ರಿಗಳು ಹೇಳುತ್ತಿದ್ದರು. ಅದು ನಿಜವೇ. 2020ರ ಏಪ್ರಿಲ್ ತಿಂಗಳಿಂದ ನಮ್ಮ ದೇಶದ ಡೀಸೆಲ್ಲಿನಲ್ಲಿ ಗಂಧಕದ ಪ್ರಮಾಣವು ಹತ್ತು ಲಕ್ಷ ಪಾಲಿನಲ್ಲಿ ಹತ್ತು ಪಾಲಿಗೆ ಇಳಿದಿದೆ. ಆದರೂ ಎಲ್ಬೋಗಳು ತೂತುಬೀಳುವದು ನಿಂತಿಲ್ಲ. ಉಳಿದ ಅಪರಾಧಿ ಉಪ್ಪು.

ಇಲ್ಲಿ ಅವಳು ಹೇಳಿದ ಒಂದು ಮಾತು ನನ್ನ ಎಣಿಕೆಯನ್ನೇ ತಿರುಗಿಸಿತು. ಎಂಜಿನ್ನು ಓಡುವಾಗ ಉಪ್ಪುನೀರು ಹರಿಯುತ್ತಿರುವದು. ಆಗ ಉಪ್ಪು ಕೂಡ್ರುವದಕ್ಕೆ ಪುರಸತ್ತಿಲ್ಲ. ಎಂಜಿನ್ನು ನಿಂತ ಮೇಲೆಯೇ ಉಪ್ಪಿನ ಕೆಲಸವು ಬಲಗೊಳ್ಳುವದು. ಕಾದ ಕಬ್ಬಿಣದ ಮೇಲೆ ಉಳಿದ ಹನಿಗಳು ಆರುವವು, ಸಾಣಿಕಟ್ಟೆಯ ಮಡಿಯಲ್ಲಿ ಆರಿದಂತೆಯೇ. ಉಪ್ಪಿನ ಪೊರೆಯು ಗೋಡೆಗೆ ಅಂಟಿಕೊಳ್ಳುವದು. ಮರುದಿನ ಅದರ ಮೇಲೆ ಮತ್ತೊಂದು ಪೊರೆ. ಇನ್ನು ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪಿನ ಭರಣಿಯು ನೀರೊಡೆಯುವದನ್ನು ಯಾವ ಗೃಹಿಣಿಯು ನೋಡಿಲ್ಲ? ಗಾಳಿಯ ತೇವವನ್ನು ಉಪ್ಪು ತಾನಾಗಿ ಹೀರಿಕೊಳ್ಳುವದು. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಮ್ ಲವಣಗಳೂ ಇರುವದರಿಂದ ಮತ್ತಷ್ಟು ಬೇಗ ಹೀರುವದು. ಆದುದರಿಂದ ನಿಂತ ಎಂಜಿನ್ನಿನ ಒಳಮೈ ಎಂದಿಗೂ ಒಣಗುವದಿಲ್ಲ. ಕಬ್ಬಿಣವು ತುಕ್ಕಾಗುವದಕ್ಕೆ ನೀರೂ ಗಾಳಿಯೂ ಬೇಕು. ಇವೆರಡೂ ಅಲ್ಲಿ ಹಗಲಿರುಳು ದೊರೆಯುವವು. ಉಪ್ಪು ಕರಗಿದ ನೀರು ವಿದ್ಯುತ್ತನ್ನು ಸಲೀಸಾಗಿ ಹರಿಯಗೊಡುವದರಿಂದ ತುಕ್ಕಿನ ಕ್ರಿಯೆಯು ಶೀಘ್ರವಾಗುವದು.

ಕನ್ನಡದಲ್ಲಿ ನಾವು ಕಬ್ಬಿಣಕ್ಕೆ ತುಕ್ಕೆಂದೂ ಹಿತ್ತಾಳೆ ತಾಮ್ರಗಳಿಗೆ ಕಿಲುಬೆಂದೂ ಬೇರೆ ಬೇರೆ ಹೆಸರು ಹೇಳುವೆವು. ನಮ್ಮ ಸೀಮೆಯ ಜನರು ತುಕ್ಕಿಗೆ ಜಂಗು ಎನ್ನುವರು. ಪರ್ವತಪ್ರಸಂಗದಲ್ಲಿ ಉಪ್ಪಿನ ಮಾತೂ ಬರುವದು, ಸಂಪತ್ತನ್ನು ಕೆಡಿಸುವ ಕಿಲುಬಿನ ಮಾತೂ ಬರುವದು, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ಎರಡನ್ನೂ ಒಂದೇ ಕೊಳವೆಯಲ್ಲಿ ನೋಡಿದೆವೆಂದು ನಮ್ಮ ಹುಡುಗಿಯರು ಮುಂದಿನ ಭಾನುವಾರದ ಪಾಠದಲ್ಲಿ ಹೇಳಿ ನಗಿಸಿದರು. ಬೀಡುಕಬ್ಬಿಣದ ಕೇಡು ಈ ಎರಡಕ್ಕಿಂತಲೂ ಮೋಸದ್ದು. ಅದರಲ್ಲಿ ಪೆನ್ಸಿಲ್ಲಿನ ಕಡ್ಡಿಗೆ ಬಳಸುವ ಗ್ರಾಫೈಟು ನೂರಕ್ಕೆ ಸುಮಾರು ಮೂರು ಪಾಲಿರುವದು. ಉಪ್ಪುನೀರು ಕಬ್ಬಿಣವನ್ನು ತಿಂದು ಗ್ರಾಫೈಟನ್ನು ಬಿಟ್ಟುಬಿಡುವದು. ಆಕಾರವು ಹಾಗೆಯೇ ನಿಂತಿರುವದು, ಬಣ್ಣವೂ ಇರುವದು, ಬಲ ಮಾತ್ರ ಇರುವದಿಲ್ಲ. ಸೀಳಿದ ಕೊಳವೆಯ ಅಂಚನ್ನು ನಮ್ಮ ಹುಡುಗಿಯೊಬ್ಬಳು ಚಾಕುವಿನಿಂದ ಕೆರೆದಳು. ಕಬ್ಬಿಣವು ಬೆಲ್ಲದಂತೆ ಕೆರೆದು ಬಂತು, ಅವಳ ಬೆರಳು ಪೆನ್ಸಿಲ್ ಹಿಡಿದಂತೆ ಕಪ್ಪಾಯಿತು. ಹೊರಗಿನ ಬೆಳ್ಳಿಬಣ್ಣವನ್ನು ನೋಡಿ ಎಂಜಿನ್ನು ನೆಟ್ಟಗಿದೆಯೆನ್ನುವವರಿಗೆ ಇದನ್ನೊಂದು ಸಾರೆ ತೋರಿಸಬೇಕು.

ಹಾಗಾದರೆ ತುಕ್ಕು ಹಿಡಿಯದ ಉಕ್ಕಿನ ಎಲ್ಬೋ ಹಾಕಬಾರದೇ ಎಂದು ನಾನು ಕೇಳಿದೆನು. ಹಾಕುವರು, ಬೀಡುಕಬ್ಬಿಣಕ್ಕಿಂತ ಬಹುಮಟ್ಟಿಗೆ ಲೇಸು. ಆದರೆ ಅಡಿಗೆಮನೆಯ ಸ್ಟೀಲು ಬೇರೆ, ಬಿಸಿ ಉಪ್ಪುನೀರಿನಲ್ಲಿ ನಿಲ್ಲುವ ಸ್ಟೀಲು ಬೇರೆ. ಬಿಸಿಯೂ ಉಪ್ಪೂ ಕೂಡಿದಲ್ಲಿ, ಮುಖ್ಯವಾಗಿ ಬೆಸುಗೆಯ ಹತ್ತಿರ, ಅದರಲ್ಲಿಯೂ ಸೂಜಿಮೊನೆಯಂಥ ಕುಳಿಗಳೂ ಕೂದಲೆಳೆಯಂಥ ಬಿರುಕುಗಳೂ ಹುಟ್ಟುವವು. ಬೇರೆ ಬೇರೆ ಲೋಹಗಳು ಒಂದನ್ನೊಂದು ಮುಟ್ಟಿ ಉಪ್ಪುನೀರಿನಲ್ಲಿ ನಿಂತರೆ, ಅವುಗಳಲ್ಲಿ ದುರ್ಬಲವಾದದ್ದು ಬೇಗ ಸವೆಯುವದು. ಅದಕ್ಕಾಗಿ ಸಮುದ್ರದ ನೀರು ಹಾಯುವ ಯಂತ್ರಗಳಲ್ಲಿ ಸತುವಿನ ತುಂಡುಗಳನ್ನು ಬೇಕೆಂತಲೇ ಇಡುವರು. ಸತುವು ತಾನು ಸವೆದು ಉಳಿದವುಗಳನ್ನು ಕಾಯುವದು. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿಯು 1824ರಲ್ಲಿ ಯುದ್ಧನೌಕೆಗಳ ತಾಮ್ರದ ಹೊದಿಕೆಯನ್ನು ಕಾಯಲು ಇದೇ ಯುಕ್ತಿಯನ್ನು ಪರೀಕ್ಷಿಸಿದನು. ಸತುವು ಅರ್ಧ ಸವೆದಿದ್ದರೆ ಅದನ್ನು ಬದಲಿಸಬೇಕು. ಸವೆಯದೆ ಹೊಳೆಯುತ್ತಿದ್ದರೆ ಸಂತೋಷಪಡಬಾರದು, ಅದು ಲೋಹಕ್ಕೆ ಸರಿಯಾಗಿ ತಗಲಿಲ್ಲವೆಂದು ತಿಳಿಯಬೇಕು. ಅದಕ್ಕೆ ಬಣ್ಣವನ್ನಂತೂ ಬಳಿಯಲೇ ಕೂಡದು.

ಈಗ ಅವಳ ವಹಿಯಲ್ಲಿಯ ಒಂದು ಪುಟದ ಕಥೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ದೊಡ್ಡ ಯಂತ್ರದೋಣಿಗಳು ಮೀನಿಗೆ ಹೋಗುವದನ್ನು ಸರಕಾರವು ನಿಷೇಧಿಸಿರುತ್ತದೆ. ಮೀನುಗಳು ಮರಿಮಾಡುವ ಕಾಲವದು, ಸಮುದ್ರವೂ ಮುನಿದಿರುವ ಕಾಲ. ಕೆಲವು ವರ್ಷಗಳ ಹಿಂದೆ ಒಂದು ದೋಣಿಯನ್ನು ಮೇ ತಿಂಗಳ ಕೊನೆಯ ದಿನ ಧಕ್ಕೆಗೆ ತಂದು ಕಟ್ಟಿದರು. ಮೀನು ಇಳಿಸುವ ಗಡಿಬಿಡಿಯಲ್ಲಿ ಎಂಜಿನ್ನಿಗೆ ಸಿಹಿನೀರು ಕುಡಿಸಲಿಲ್ಲ. ಅರವತ್ತೊಂದು ದಿನ ಅದು ಹೊಟ್ಟೆಯಲ್ಲಿ ಉಪ್ಪನ್ನಿಟ್ಟುಕೊಂಡು ಮಳೆಗಾಲದ ಥಂಡಿಯಲ್ಲಿ ನಿಂತಿತು. ಆಗಸ್ಟ್ ತಿಂಗಳ ಮೊದಲಲ್ಲಿ ಹೊರಡುವ ಹೊತ್ತಿಗೆ ಬ್ಯಾಟರಿ ಸೊರಗಿತ್ತು, ಎಂಜಿನ್ನು ಹತ್ತಲೊಲ್ಲದು. ಸಮುದ್ರದ ನೀರಿನ ಚಾವಿಯನ್ನು ತೆರೆದಿಟ್ಟೇ ಹತ್ತಿಪ್ಪತ್ತು ಸಾರೆ ಸ್ಟಾರ್ಟು ಒತ್ತಿದರು. ಎಂಜಿನ್ನು ತಿರುಗಿದಷ್ಟೂ ಪಂಪು ನೀರನ್ನು ಎಳೆಯುವದು. ಆ ನೀರನ್ನು ಹೊರಕ್ಕೆ ದೂಡಬೇಕಾದ ಹೊಗೆಯೇ ಹುಟ್ಟಿಲ್ಲ. ಸೈಲೆನ್ಸರಿನ ಪೆಟ್ಟಿಗೆ ತುಂಬಿತು. ಎಲ್ಬೋದ ಒಳಗೋಡೆಯ ತೂತಿನಿಂದಲೂ ನೀರು ಹಿಂದಕ್ಕೆ ಸರಿದು, ತೆರೆದಿದ್ದ ಕವಾಟದ ಮೂಲಕ ಸಿಲಿಂಡರಿನೊಳಗೆ ಇಳಿಯಿತು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಬೇರೊಂದು ಬ್ಯಾಟರಿ ತಂದು ಕೊನೆಯ ಸಾರೆ ಒತ್ತಿದಾಗ ಪಿಸ್ಟನ್ನನ್ನು ಹಿಡಿದಿದ್ದ ಉಕ್ಕಿನ ದಂಡವೇ ಬಾಗಿಹೋಯಿತು.

ಆ ದೋಣಿ ಇಪ್ಪತ್ತೆರಡು ದಿನ ದಂಡೆಯಲ್ಲಿ ನಿಂತಿತು. ನಿಷೇಧ ಮುಗಿದ ಮೇಲಿನ ಆ ಮೂರು ವಾರಗಳೇ ವರ್ಷದಲ್ಲಿ ಒಳ್ಳೆಯ ಸುಗ್ಗಿ. ದೋಣಿಯಲ್ಲಿ ದುಡಿಯುವವರಿಗೆ ತಿಂಗಳ ಪಗಾರವಿಲ್ಲ, ಬಂದ ಮೀನಿನಲ್ಲಿ ಪಾಲು. ಮೀನಿಲ್ಲದಿದ್ದರೆ ಪಾಲಿಲ್ಲ. ಮಾಲಕನೊಬ್ಬನ ಹಾನಿಯಾದರೆ ಸಾಲ ತೆಗೆದು ಸುಧಾರಿಸಿಕೊಂಡಾನು. ಎರಡು ತಿಂಗಳು ಕೈ ಬರಿದು ಮಾಡಿಕೊಂಡು ಆಗಸ್ಟನ್ನು ಕಾಯುತ್ತಿದ್ದ ಆರು ಮನೆಗಳ ಗತಿಯೇನು? ಆ ಮನೆಗಳಲ್ಲಿ ಒಂದರ ಮಗಳು ಆ ವರ್ಷ ಶಾಲೆಯ ಫೀ ಕಟ್ಟದೆ ನಿಂತಳೆಂದು ನನ್ನ ವಿದ್ಯಾರ್ಥಿನಿಯು ಹೇಳಿದಳು. ಇದೆಲ್ಲ ಒಂದು ಡ್ರಮ್ಮು ಸಿಹಿನೀರಿಗಾಗಿ ಆದದ್ದು.

ಸಿಹಿನೀರು ಕುಡಿಸುವ ಬಗೆ ಕಠಿಣವಾದದ್ದಲ್ಲ. ದಂಡೆಗೆ ಬಂದ ಮೇಲೆ ಎಂಜಿನ್ನನ್ನು ನಿಧಾನವಾಗಿ ಓಡಗೊಟ್ಟು, ಸಮುದ್ರದ ಚಾವಿಯನ್ನು ಮುಚ್ಚಿ, ನೀರೆಳೆಯುವ ಕೊಳವೆಯನ್ನು ಸಿಹಿನೀರು ತುಂಬಿದ ಡ್ರಮ್ಮಿನಲ್ಲಿ ಅದ್ದಬೇಕು. ಪಂಪು ಆ ನೀರನ್ನು ಎಳೆದು ಎಲ್ಬೋದ ಮೂಲಕ ಹೊರಗೆ ಹಾಕುವದು. ಡ್ರಮ್ಮು ಬರಿದಾಗುವ ಮೊದಲೇ ಎಂಜಿನ್ನನ್ನು ನಿಲ್ಲಿಸಬೇಕು. ಯಾಕಂದರೆ ಪಂಪಿನೊಳಗಿನ ರಬ್ಬರಿನ ಚಕ್ರವು ನೀರಿಲ್ಲದೆ ತಿರುಗಿದರೆ ಸುಟ್ಟು ತುಂಡಾಗುವದು, ಆ ತುಂಡುಗಳು ಮುಂದಿನ ಕೊಳವೆಯಲ್ಲಿ ಸಿಕ್ಕಿ ನೀರಿನ ದಾರಿಯನ್ನು ಕಟ್ಟುವವು. ಎಂಜಿನ್ನು ನಿಂತಿರುವಾಗ ನಲ್ಲಿಯ ನೀರನ್ನು ಒತ್ತಡದಿಂದ ಒಳಗೆ ಬಿಡಲೇಬಾರದು. ಅದು ಮೇಲೆ ಹೇಳಿದ ಕೇಡನ್ನು ನಾವೇ ಮಾಡಿದಂತೆ. ದಿನಾಲೂ ಇಷ್ಟು ನೀರು ಎಲ್ಲಿಂದ ಬರಬೇಕೆಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಬೇಸಿಗೆಯಲ್ಲಿ ಹೊಳೆಯ ಬಾಯಿಗೆ ಹತ್ತಿದ ಬಾವಿಗಳು ಉಪ್ಪಾಗುವವು. ಮನೆಗೆ ಕುಡಿಯುವ ನೀರೇ ಕೊಡದ ಲೆಕ್ಕದಲ್ಲಿ ಬರುವಾಗ ಎಂಜಿನ್ನಿಗೆ ಡ್ರಮ್ಮು ಎಲ್ಲಿಯದು? ದಿನಾಲೂ ಆಗದಿದ್ದರೆ ವಾರಕ್ಕೊಮ್ಮೆ, ಅದೂ ಆಗದಿದ್ದರೆ ಮೇ ತಿಂಗಳ ಕೊನೆಯ ದಿನವಾದರೂ ತಪ್ಪಿಸಬಾರದೆಂಬದು ಅವಳ ನಿಯಮ. ಮಳೆಗಾಲ ಕಳೆದು ದೋಣಿ ಇಳಿಸುವಾಗ ತೊಳೆದರಾಯಿತೆನ್ನುವವರು ಹಬ್ಬ ಮುಗಿದ ಮೇಲೆ ಮನೆ ಸಾರಿಸುವವರ ಹಾಗೆ.

ಆ ಎರಡು ತಿಂಗಳುಗಳಲ್ಲಿ ಎಲ್ಬೋವನ್ನು ಬಿಚ್ಚಿ ಒಳಗೆ ನೋಡುವದು ಎರಡನೆಯ ಕೆಲಸ. ಬಿಚ್ಚುವದಕ್ಕೆ ಮುಂಚೆಯೇ ಕೆಲವು ಗುರುತುಗಳು ಕಾಣುವವು. ಜೋಡಣೆಯ ಸುತ್ತಲೂ ಕಾಡಿಗೆಯಂಥ ಕರಿ ಇದ್ದರೆ ಅಲ್ಲಿಂದ ಹೊಗೆ ಸೋರುತ್ತದೆ. ಬಿಳಿಯ ಉಪ್ಪಿನ ಗೆರೆಯೋ ಕೆಂಪು ಕಣ್ಣೀರಿನಂಥ ತುಕ್ಕಿನ ಗೆರೆಯೋ ಇದ್ದರೆ ನೀರು ಸೋರುತ್ತದೆ. ಓಡುವಾಗ ಹಿಂದಿನ ಬಾಯಿಯಿಂದ ನೀರು ಕಡಿಮೆಯಾಗಿ ಬಿಳಿಯ ಹಬೆ ಹೆಚ್ಚಾದರೆ ನೀರಿನ ದಾರಿ ಕಟ್ಟಿದೆ. ಭಾರವಿಲ್ಲದೆಯೂ ಕರಿಹೊಗೆ ಬಂದು ಎಂಜಿನ್ನು ಮೊದಲಿನಷ್ಟು ಎಳೆಯದಿದ್ದರೆ ಹೊಗೆಯ ದಾರಿ ಕಟ್ಟಿರಬಹುದು. ಬಿಚ್ಚಿದ ಮೇಲೆ ಸಣ್ಣ ಸುತ್ತಿಗೆಯಿಂದ ಮೆಲ್ಲನೆ ಬಡಿದು ಕೇಳಬೇಕು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಿನಿಂದ ಬಡಿದು ನೋಡುವೆವಲ್ಲ, ಹಾಗೆಯೇ. ಗಟ್ಟಿ ಲೋಹವು ಗಣಗಣಿಸುವದು, ಒಳಗೆ ಸತ್ತದ್ದು ಮಂದವಾಗಿ ನುಡಿಯುವದು. ಅನಂತರ ಮೊನಚಾದ ಸಲಾಕೆಯಿಂದ ಒಳಗೋಡೆಯನ್ನು ಒತ್ತಿ ನೋಡಬೇಕು. ಒತ್ತಿದರೆ ತೂತಾಗಿ ಎಲ್ಬೋ ಕೆಟ್ಟೀತೆಂದು ಮಾಲಕರು ಅಂಜುವರಂತೆ. ಒತ್ತಿದ್ದಕ್ಕೆ ಕೆಡುವದಾದರೆ ಅದು ಮೊದಲೇ ಕೆಟ್ಟದ್ದು. ಸಮುದ್ರದ ನಡುವೆ ಕೆಡುವದಕ್ಕಿಂತ ಮೇಜಿನ ಮೇಲೆ ಕೆಡುವದು ಲೇಸಲ್ಲವೇ? ತಿರುಗಿ ಕೂಡಿಸುವಾಗ ಹಳೆಯ ಗ್ಯಾಸ್ಕೆಟ್ಟನ್ನು ಮತ್ತೆ ಹಾಕಬಾರದು.

ರಬ್ಬರ್ ಕೊಳವೆಯನ್ನು ಕೈಯಿಂದ ಹಿಸುಕಿ ನೋಡಬೇಕು. ಒಮ್ಮೆ ನೀರು ನಿಂತು ಬಿಸಿಹೊಗೆ ತಗಲಿದ್ದರೆ ಅದರ ಒಳಪದರವು ಬಿಟ್ಟುಕೊಂಡು ಮಡಚಿಬಿದ್ದಿರುವದುಂಟು. ಹೊರಗೆ ಏನೂ ಕಾಣದು. ಕೊಳವೆಯನ್ನು ಬಿಗಿಯುವ ಪಟ್ಟಿಗಳ ತಳಭಾಗವೇ ಮೊದಲು ತುಕ್ಕಾಗುವದು, ನಾವು ನೋಡುವದು ಮೇಲ್ಭಾಗವನ್ನು. ಎಂಜಿನ್ನು ನೀರಿನ ಮಟ್ಟಕ್ಕಿಂತ ಕೆಳಗಿರುವ ದೋಣಿಗಳಲ್ಲಿ ನೀರಿನ ಕೊಳವೆಯನ್ನು ಮೇಲಕ್ಕೆ ಬಾಗಿಸಿ ಒಯ್ದು, ಅದರ ನೆತ್ತಿಯಲ್ಲಿ ಗಾಳಿಯನ್ನೆಳೆಯುವ ಚಿಕ್ಕದೊಂದು ಕವಾಟವನ್ನಿಡುವರು. ಎಂಜಿನ್ನು ನಿಂತಾಗ ಸಮುದ್ರದ ನೀರು ತಾನಾಗಿ ಒಳಕ್ಕೆ ಹರಿದುಬರದಂತೆ ತಡೆಯುವದು ಅದೇ. ಉಪ್ಪಿನ ಒಂದು ಕಣವು ಅದನ್ನು ಕಟ್ಟಿದರೆ ರಾತ್ರಿ ಎಲ್ಲರೂ ಮಲಗಿರುವಾಗ ಎಂಜಿನ್ನು ನೀರು ಕುಡಿಯುವದು. ಅದನ್ನು ಬಿಚ್ಚಿ ಸಿಹಿನೀರಿನಲ್ಲಿ ತೊಳೆಯಲು ಐದು ನಿಮಿಷ ಸಾಕು.

ಎಲ್ಲ ದೋಣಿಗಳಲ್ಲಿಯೂ ಈ ಏರ್ಪಾಡು ಇಲ್ಲ. ಮೀನುಗಾರರ ಎಷ್ಟೋ ದೊಡ್ಡ ದೋಣಿಗಳಲ್ಲಿ ಹೊಗೆಯನ್ನು ಒಣಕೊಳವೆಯಿಂದಲೇ ಕೋಣೆಯ ಮೇಲ್ಛಾವಣಿಯ ಆಚೆಗೆ ಒಯ್ಯುವರು. ಅದರ ಬಾಯಿಗೆ ಮುಚ್ಚಳವಿರಬೇಕು, ನಮ್ಮ ರೈತರ ಡಬ್ಬಿಯಂತೆ. ಇಲ್ಲದಿದ್ದರೆ ಮಳೆನೀರೂ ತೆರೆಯ ತುಂತುರೂ ನೆಟ್ಟಗೆ ಎಂಜಿನ್ನಿಗೇ ಇಳಿಯುವವು. ಶಾಖವು ತಗಲದಂತೆ ಆ ಕೊಳವೆಗೆ ಹಗ್ಗವನ್ನು ಸುತ್ತಿರುವರು. ಸುತ್ತಿದ ಹಗ್ಗವು ಉಪ್ಪಿನ ತೇವವನ್ನು ಹಿಡಿದು, ಕೊಳವೆಯನ್ನು ಹೊರಗಿನಿಂದ ತಿನ್ನುವದು. ಆದುದರಿಂದ ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ನೋಡದೆ ಗತಿಯಿಲ್ಲ. ಆದರೆ ಹಳೆಯ ದೋಣಿಗಳಲ್ಲಿ ಅದು ಕಲ್ನಾರಿನ ಹಗ್ಗವಾಗಿರಬಹುದು. ಕಲ್ನಾರಿನ ಧೂಳು ಶ್ವಾಸಕೋಶಗಳಲ್ಲಿ ಕುಳಿತು ಎಷ್ಟೋ ವರ್ಷಗಳ ತರುವಾಯ ಪ್ರಾಣಾಂತಿಕ ರೋಗವನ್ನು ತರುವದು. ಅದನ್ನು ಒಣಗಿದ್ದಾಗ ಹರಿಯಬಾರದು. ನೀರಿನಿಂದ ಚೆನ್ನಾಗಿ ನೆನೆಸಿ, ಮೂಗುಬಾಯಿಗೆ ತಕ್ಕ ಮುಸುಕನ್ನು ಕಟ್ಟಿ ತೆಗೆದು, ಗಾಜಿನ ನೂಲಿನ ಪಟ್ಟಿಯನ್ನು ಹಾಕಬೇಕು. ಆ ಕೆಲಸದ ಬಟ್ಟೆಗಳನ್ನು ಮನೆಗೆ ತಂದು ಹೆಂಡತಿಯ ಕೈಯಲ್ಲಿ ಝಾಡಿಸಲು ಕೊಡುವದನ್ನು ನಾನು ಪಾಪವೆಂದೇ ಹೇಳುವೆನು.

ನಾಡದೋಣಿಗಳ ಹಿಂದೆ ತೂಗುಹಾಕುವ ಚಿಕ್ಕ ಎಂಜಿನ್ನುಗಳಲ್ಲಿ ಹೊಗೆಯು ಅಲ್ಯುಮಿನಿಯಮ್ಮಿನ ಕಾಲಿನೊಳಗಿಂದ ಇಳಿದು ನೀರಿನಡಿಯಲ್ಲಿಯೇ ಹೊರಬೀಳುವದು. ಅಲ್ಯುಮಿನಿಯಮ್ಮಿಗೆ ಕೆಂಪು ತುಕ್ಕಿಲ್ಲ. ಹಿಟ್ಟಿನಂಥ ಬಿಳಿಯ ಪುಡಿಯು ಉಬ್ಬಿ ಬರುವದು, ಅದರಡಿಯಲ್ಲಿ ಕುಳಿ ಇರುವದು. ಇಂಥ ಎಂಜಿನ್ನನ್ನು ಕಳಚಿ ತಂದು, ಕಾಲು ಮುಳುಗುವಷ್ಟು ಸಿಹಿನೀರಿನ ಪೀಪಾಯಿಯಲ್ಲಿ ನಿಲ್ಲಿಸಿ ಹತ್ತು ನಿಮಿಷ ಓಡಿಸಿದರೆ ತೊಳೆದುಹೋಗುವದು. ಎಂಜಿನ್ನು ಬಿಸಿಯಾಗುವವರೆಗೆ ಓಡಬೇಕು. ತಣ್ಣಗಿರುವಾಗ ಒಳಗಿನ ಕೆಲವು ದಾರಿಗಳು ತೆರೆಯುವದೇ ಇಲ್ಲ. ತರುವಾಯ ನೆಟ್ಟಗೆ ನಿಲ್ಲಿಸಿ ನೀರೆಲ್ಲ ಇಳಿದುಹೋಗಗೊಡಬೇಕು. ಇದನ್ನು ಬಯಲಿನಲ್ಲಿ ಮಾಡಬೇಕೇ ಹೊರತು ಮನೆಯ ಪಡಸಾಲೆಯಲ್ಲಾಗಲಿ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಎಂದಿಗೂ ಮಾಡಬಾರದು.

ಯಾಕೆ ಮಾಡಬಾರದೆಂಬದನ್ನು ತಾಯಂದಿರು ಲಕ್ಷ್ಯವಿಟ್ಟು ಓದಬೇಕು. ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯುವಿರುವದು. ಪೆಟ್ರೋಲು ಸೀಮೆಎಣ್ಣೆಗಳ ಎಂಜಿನ್ನುಗಳಲ್ಲಿ ಅದು ಹೆಚ್ಚು, ಡೀಸೆಲ್ಲಿನಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ಕಣಗಳು ಪ್ರಾಣವಾಯುವನ್ನು ಹಿಡಿಯುವದಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿ ಬಿಗಿಯಾಗಿ ಇದನ್ನು ಹಿಡಿದುಕೊಳ್ಳುವವು. ಹಾಗಾಗಿ ಉಸಿರಾಡುತ್ತಿದ್ದರೂ ದೇಹಕ್ಕೆ ಉಸಿರು ಮುಟ್ಟುವದಿಲ್ಲ. ಜೋಡಣೆಯಲ್ಲಿ ಸೋರುವ ಹೊಗೆಯು ಎಂಜಿನ್ನಿನ ಕೋಣೆಯಿಂದ ಹಲಗೆಯ ಸಂದುಗಳ ಮೂಲಕ ಮಲಗುವ ಕೋಣೆಗೆ ಬರುವದು. ಅವಳ ಗಂಡನು ಕೆಲಸ ಮಾಡುವ ದೋಣಿಗಳಲ್ಲಿ ಒಂದರಲ್ಲಿ ಹೀಗೆಯೇ ಇಬ್ಬರು ಮಲಗಿದ್ದರು. ಒಬ್ಬನು ತಲೆನೋವೆಂದು ಎದ್ದು ವಾಂತಿ ಮಾಡಿದನು. ತೆರೆಯ ಹೊಯ್ದಾಟದಿಂದ ಆದದ್ದೆಂದು ಉಳಿದವರು ನಕ್ಕರು. ಇಪ್ಪತ್ತು ವರ್ಷ ಸಮುದ್ರದಲ್ಲಿ ಕಳೆದವನಿಗೆ ತೆರೆಯಿಂದ ವಾಂತಿಯೇತಕ್ಕೆ ಆದೀತೆಂದು ತಾಂಡೇಲನಿಗೆ ಸಂಶಯ ಹುಟ್ಟಿತು. ಅವನು ಕೆಳಗಿಳಿದು ಇನ್ನೊಬ್ಬನನ್ನು ಎಬ್ಬಿಸಿದರೆ ಏಳಲಿಲ್ಲ. ಎಂಜಿನ್ನು ನಿಲ್ಲಿಸಿ, ಮೇಲಕ್ಕೆ ಎಳೆದು ತಂದು ಗಾಳಿಗೆ ಮಲಗಿಸಿದರು. ದಂಡೆಗೆ ಮುಟ್ಟಿದ ಮೇಲೆ ಆಸ್ಪತ್ರೆಯಲ್ಲಿ ಪ್ರಾಣವಾಯುವನ್ನು ಕೊಟ್ಟರು. ದೇವರ ದಯೆಯಿಂದ ಬದುಕಿದನು. ದೋಣಿಯಲ್ಲಿರುವಾಗ ಇಬ್ಬರಿಗೆ ಒಮ್ಮೆಲೆ ತಲೆನೋವು, ಓಕರಿಕೆ, ತೂಕಡಿಕೆ ಬಂದರೆ ತಿಂದ ಊಟವನ್ನು ದೂರದೆ ಮೊದಲು ಗಾಳಿಗೆ ಬರಬೇಕು. ಈ ವಾಯುವಿನ ಇರವನ್ನು ಕೂಗಿ ತಿಳಿಸುವ ಚಿಕ್ಕ ಯಂತ್ರಗಳು ಈಗ ದೊರೆಯುತ್ತವೆ. ಮಲಗುವ ಕೋಣೆಯಿರುವ ದೋಣಿಯಲ್ಲಿ ಒಂದನ್ನು ತೂಗುಹಾಕುವದು ದುಂದುಗಾರಿಕೆಯಲ್ಲ.

ಇದಿಷ್ಟೂ ಗಂಡಸರ ಕೆಲಸವಲ್ಲವೇ, ಮನೆಯಲ್ಲಿರುವವರು ಮಾಡುವದೇನು ಎಂದು ನಾನು ಅವಳನ್ನು ಕೇಳಿದೆನು. ಅವಳು ವಹಿಯನ್ನು ಮುಂದಿಟ್ಟಳು. "ಅಕ್ಕೋರೇ, ಗಂಡಸರಿಗೆ ಹೋದ ಸಲ ಎಲ್ಬೋ ಯಾವಾಗ ಬಿಚ್ಚಿದ್ರು ಅಂತ ಕೇಳ್ರಿ, ಮೊನ್ನೆ ಮೊನ್ನೆ ಅಂತಾರ. ಪುಸ್ತಕ ನೋಡಿದ್ರ ಮೂರು ವರ್ಷ ಆಗಿರತೈತಿ." ತಾರೀಖನ್ನು ಬರೆದಿಡುವದು, ಮೇ ತಿಂಗಳ ಕೊನೆಗೆ ಡ್ರಮ್ಮನ್ನು ತುಂಬಿಸಿ ಇಟ್ಟಿರುವದು, ಕೇಳುವದು, ಕೇಳಿದ್ದನ್ನು ಮತ್ತೆ ಕೇಳುವದು ಇವೇ ಅವಳ ಪಾಲಿನ ಕೆಲಸಗಳು. ಅವಳ ಅಕ್ಷರವು ಶಾಲೆಯಲ್ಲಿದ್ದದ್ದಕ್ಕಿಂತ ಈಗ ದುಂಡಾಗಿದೆ.

ಹೊರಡುವಾಗ ಆ ಸೀಳಿದ ಎಲ್ಬೋದ ಒಂದು ಹೋಳನ್ನು ಅವಳು ಶಾಲೆಗೆಂದು ಕೊಟ್ಟಳು. ಅದನ್ನು ವಿಜ್ಞಾನದ ಕೋಣೆಯಲ್ಲಿ ಇಟ್ಟಿದ್ದೆವು. ಜೂನ್ ತಿಂಗಳ ಮೊದಲ ಮಳೆ ಬಿದ್ದ ವಾರ, ಕರ್ಜಗಿಯ ನೆಲದಲ್ಲಿ, ಸಮುದ್ರದ ಗಾಳಿಯೂ ಮುಟ್ಟದ ಕಪಾಟಿನಲ್ಲಿ, ಅದರ ತುಕ್ಕಿನ ಮೇಲೆ ಕಂದುಬಣ್ಣದ ಹನಿಗಳು ಮೂಡಿದವು. ಒಳಗೆ ಉಳಿದ ಉಪ್ಪು ಇನ್ನೂ ತೇವವನ್ನು ಎಳೆಯುತ್ತಿತ್ತು. ಹುಡುಗಿಯರು ಅದನ್ನು ಒಂದು ಬೋಗುಣಿಯ ಮಳೆನೀರಿನಲ್ಲಿ ಮುಳುಗಿಸಿಟ್ಟು, ವಾರಕ್ಕೊಮ್ಮೆ ನೀರನ್ನು ಬದಲಿಸಲಾರಂಭಿಸಿದರು. ತೆಗೆದ ನೀರಿನಲ್ಲಿ ಸ್ವಲ್ಪವನ್ನು ಸೋಸಿ ಅದಕ್ಕೆ ಎರಡು ಹನಿ ಸಿಲ್ವರ್ ನೈಟ್ರೇಟನ್ನು ಹಾಕಿ ನೋಡುವರು; ಉಪ್ಪಿದ್ದರೆ ಹಾಲು ಒಡೆದಂತೆ ಬೆಳ್ಳಗಾಗುವದು. ಪಕ್ಕದಲ್ಲಿ ಬರಿಯ ಮಳೆನೀರಿಗೂ ಎರಡು ಹನಿ ಹಾಕಿ ಹೋಲಿಸುವರು. ಮೊದಲನೆಯ ವಾರ ನಳಿಕೆಯ ಆಚೆಗಿನ ಬೆರಳು ಕಾಣಲಿಲ್ಲ. ಇದನ್ನು ಬರೆಯುವಾಗ ಹನ್ನೊಂದನೆಯ ವಾರ. ಈಗ ಬೆರಳು ಕಾಣುತ್ತದೆ, ಆದರೆ ಮಂಜಿನಲ್ಲಿ ಕಂಡಂತೆ.